ಹಕ್ಕಿಯ ಬೆರಳಿಗೆ ಗಾಯ: ಮನೆಯಲ್ಲೇ ನೋಡಿಕೊಳ್ಳುವುದಾ, ಡಾಕ್ಟರ ಹತ್ತಿರ ಒಯ್ಯುವುದಾ?

ಬೆಳಗ್ಗೆ ಪಂಜರದ ಮೇಲಿನ ಬಟ್ಟೆ ಸರಿಸುತ್ತೀರಿ. ಕೆಳಗೆ ಹಾಸಿದ ಪೇಪರಿನ ಮೇಲೆ ನಾಲ್ಕೈದು ರಕ್ತದ ಹನಿ. ಹಕ್ಕಿ ಒಂದು ಕಾಲು ಎತ್ತಿಕೊಂಡು ಮೂಲೆಯಲ್ಲಿ ಕೂತಿದೆ. ಆಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತೇವೆ. ಔಷಧಿ ಡಬ್ಬಿ ತೆಗೆದು ಕೈಗೆ ಸಿಕ್ಕಿದ ಮುಲಾಮು ಹಚ್ಚುತ್ತೇವೆ. ಇಲ್ಲವೇ, ‘ಚಿಕ್ಕ ಗಾಯ, ತಾನೇ ವಾಸಿಯಾಗುತ್ತೆ ಬಿಡು’ ಅಂತ ಸುಮ್ಮನಿರುತ್ತೇವೆ.

ನಾನು ಎರಡನ್ನೂ ಮಾಡಿದ್ದೇನೆ, ಅದೂ ಒಂದೇ ಹಕ್ಕಿಗೆ. ನಮ್ಮಲ್ಲಿ ಬಡ್ಜಿ ಅನ್ನುವ ಪುಟ್ಟ ನೀಲಿ ಗಿಳಿಯಿದೆ, ಅದರ ಒಂದು ಬೆರಳು ಕೆಂಪಾಗಿತ್ತು. ನಾವು ಹಚ್ಚಿಕೊಳ್ಳುವ ಜಿಡ್ಡು ಮುಲಾಮನ್ನೇ ಅದಕ್ಕೂ ಸವರಿದೆ. ಅರ್ಧ ಗಂಟೆಯೊಳಗೆ ಅದು ಕೊಕ್ಕಿನಿಂದ ಮುಲಾಮು ಕೆರೆದು, ಅದೇ ಕೊಕ್ಕಿನಿಂದ ಎದೆಯ ಪುಕ್ಕ ತೀಡಿಕೊಂಡು, ಎಣ್ಣೆಗೆ ಬಿದ್ದ ಹತ್ತಿಯ ಹಾಗಾಯಿತು. ಆಮೇಲೆ ಹೆದರಿಕೊಂಡು ಎರಡು ದಿನ ಮುಟ್ಟಲೇ ಇಲ್ಲ. ಮೂರನೇ ದಿನ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ಬೆರಳಿನ ಸುತ್ತ ಒಂದು ದಾರದ ಎಳೆ ಚರ್ಮದೊಳಗೆ ಹೂತುಹೋಗಿತ್ತು. ಕೂದಲಿನಷ್ಟು ಸಪೂರ, ಆಟಿಕೆಯ ಹಗ್ಗದಿಂದ ಬಿಚ್ಚಿಕೊಂಡಿದ್ದು. ಎಳೆ ತೆಗೆದರು, ಆದರೆ ಬೆರಳಿನ ತುದಿ ಉಳಿಯಲಿಲ್ಲ.

ಅವತ್ತಿನಿಂದ ನಾನು ಔಷಧಿ ಡಬ್ಬಿಯನ್ನು ಕೊನೆಗೆ ತೆಗೆಯುತ್ತೇನೆ. ಗಾಯ ಯಾವ ಥರದ್ದು, ಎಷ್ಟು ಹೊತ್ತು ಕಾಯಬಹುದು, ಪಂಜರದಲ್ಲಿ ಏನು ಬದಲಿಸಬೇಕು, ಇವನ್ನು ಮೊದಲು ನೋಡುತ್ತೇನೆ. ಬೆರಳಿಗೆ ಮಾಡಬೇಕಾದ್ದು ಕಡಿಮೆ, ಪಂಜರಕ್ಕೆ ಮಾಡಬೇಕಾದ್ದು ಜಾಸ್ತಿ.

ಹಿಡಿದು ನೋಡುವುದಾ, ದೂರದಿಂದ ನೋಡುವುದಾ?

ರಕ್ತ ಸುರಿಯುತ್ತಿಲ್ಲ ಅಂದರೆ ದೂರದಿಂದಲೇ ನೋಡಿ. ಹಿಡಿದ ಕೂಡಲೇ ಹಕ್ಕಿ ಒದ್ದಾಡುತ್ತದೆ, ಹೆಪ್ಪುಗಟ್ಟಿದ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಫೋನಿನಲ್ಲಿ ನಾಲ್ಕಾರು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಬರಿಗಣ್ಣಿಗೆ ಕಾಣದ್ದೂ ಕಾಣುತ್ತದೆ. ಹಕ್ಕಿ ಪಂಜರದ ಸರಳು ಹಿಡಿದು ಹತ್ತುವಾಗ ವಿಡಿಯೋ ಮಾಡಿ. ಅಂಗಾಲು ಕಾಣುವುದು ಆಗಲೇ. ಡಾಕ್ಟರಿಗೆ ತೋರಿಸಲಿಕ್ಕೂ ಇದು ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಹೋದ ಮೇಲೆ ಹಕ್ಕಿ ಏನೂ ಆಗಿಲ್ಲ ಅನ್ನುವ ಹಾಗೆ ನೆಟ್ಟಗೆ ನಿಂತುಬಿಡುತ್ತದೆ. ನೋವನ್ನು ಬಚ್ಚಿಡುವುದರಲ್ಲಿ ಹಕ್ಕಿಗಳು ಪಳಗಿದವು.

ಏನು ನೋಡಬೇಕು? ಗಾಯದ ಬೆರಳಿನ ಬಣ್ಣವನ್ನು ಇನ್ನೊಂದು ಕಾಲಿನ ಅದೇ ಬೆರಳಿನ ಬಣ್ಣಕ್ಕೆ ಹೋಲಿಸಿ. ಕೆಂಪು ಒಂದು ಕಥೆ, ನೇರಳೆ ಅಥವಾ ಕಪ್ಪು ಬೇರೆಯೇ ಕಥೆ. ಊತ ಬೆರಳಿನ ಉದ್ದಕ್ಕೂ ಇದೆಯಾ, ಅಥವಾ ಒಂದು ಕಡೆ ದಾರ ಕಟ್ಟಿದ ಹಾಗೆ ಗೆರೆ ಬಿದ್ದು ಅದರ ಮುಂದಕ್ಕೆ ಮಾತ್ರ ಊದಿದೆಯಾ? ಪಂಜರದಲ್ಲಿ ಕೂರುವ ಕೋಲು ಹಿಡಿಯುವಾಗ ಆ ಬೆರಳು ಮಡಚುತ್ತದಾ, ಇಲ್ಲ ಸುಮ್ನೆ ಚಾಚಿಕೊಂಡಿರುತ್ತದಾ?

ಯಾವ ಬೆರಳು ಅನ್ನುವುದೂ ಮುಖ್ಯ. ಬಡ್ಜಿ, ಕಾಕಟೀಲ್, ಕನ್ಯೂರ್‌ನಂಥ ಗಿಳಿ ಜಾತಿಯವಕ್ಕೆ ಎರಡು ಬೆರಳು ಮುಂದೆ, ಎರಡು ಹಿಂದೆ. ಫಿಂಚ್, ಕ್ಯಾನರಿ, ಪಾರಿವಾಳಗಳಿಗೆ ಮೂರು ಮುಂದೆ, ಹಿಂದೆ ಒಂದೇ ಒಂದು. ಹಾಗಾಗಿ ಗಿಳಿಗೆ ಹಿಂದಿನ ಒಂದು ಬೆರಳು ನೊಂದರೆ ಇನ್ನೊಂದು ಭಾರ ಹೊರುತ್ತದೆ. ಫಿಂಚಿಗೆ ಆ ಅನುಕೂಲ ಇಲ್ಲ. ಹಿಂದಿನ ಬೆರಳು ಕೆಟ್ಟರೆ ಅದು ಕೋಲಿನಿಂದ ಮುಂದಕ್ಕೆ ಮುಗ್ಗರಿಸುತ್ತದೆ. ಅದಕ್ಕೇ ಫಿಂಚಿನಂಥ ಹಕ್ಕಿಯ ಹಿಂಬೆರಳಿನ ಗಾಯವನ್ನು ನಾನು ಒಂದು ಮೆಟ್ಟಿಲು ಮೇಲೆಯೇ ಇಡುತ್ತೇನೆ.

ಹಿಡಿಯಲೇಬೇಕಾದರೆ ಇಬ್ಬರಿರಿ. ಒಬ್ಬರು ತೆಳುವಾದ ಟವೆಲ್ಲಿನಲ್ಲಿ ಹಕ್ಕಿಯನ್ನು ಹಗುರವಾಗಿ ಸುತ್ತಿ, ತಲೆಯನ್ನು ಎರಡೂ ಪಕ್ಕದಿಂದ ಹಿಡಿದುಕೊಳ್ಳಲಿ. ಇನ್ನೊಬ್ಬರು ಕಾಲು ನೋಡಲಿ. ಎದೆಯನ್ನು ಮಾತ್ರ ಅದುಮಬೇಡಿ. ಹಕ್ಕಿಗೆ ನಮ್ಮ ಹಾಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟದ ಪರದೆ ಇಲ್ಲ. ಎದೆಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಮೂಗು ಬಾಯಿ ಮುಚ್ಚದೆಯೂ ಹಕ್ಕಿಯ ಉಸಿರು ಕಟ್ಟಬಹುದು.

ಡಾಕ್ಟರು: ಈಗಲೇ, ನಾಳೆ, ಅಥವಾ ಸದ್ಯಕ್ಕೆ ಬೇಡ

ಈಗಲೇ ಹೊರಡಬೇಕಾದವು ಇವು. ಒತ್ತಿ ಹಿಡಿದರೂ ಐದು ಹತ್ತು ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ. ಬೆರಳು ನೀಲಿ, ನೇರಳೆ ಅಥವಾ ಕಪ್ಪಾಗಿ ತಣ್ಣಗಿದ್ದರೆ. ಬೆರಳು ಜೋತುಬಿದ್ದಿದ್ದರೆ, ಮೂಳೆ ಕಂಡರೆ. ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತು, ಏನೂ ತಿನ್ನದಿದ್ದರೆ. ಬೆಕ್ಕು ಕಚ್ಚಿದ್ದರಂತೂ ಗಾಯ ಸೂಜಿಮೊನೆಯಷ್ಟಿದ್ದರೂ ಕಾಯುವ ಹಾಗಿಲ್ಲ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದು ರಕ್ತಕ್ಕೆ ಸೇರಿದರೆ ಹಕ್ಕಿ ಒಂದೆರಡು ದಿನದಲ್ಲೇ ಸಾಯಬಹುದು. ಹೊರಗೆ ನೋಡಿದರೆ ಏನೂ ಇಲ್ಲ ಅನಿಸುತ್ತದೆ, ಮೋಸ ಹೋಗುವುದು ಅಲ್ಲೇ.

ದಾರ ಸುತ್ತಿಕೊಂಡದ್ದು ಗೊತ್ತಾದರೆ? ಸಡಿಲವಾಗಿ, ಚರ್ಮದ ಮೇಲೆಯೇ ಇದ್ದು, ಕೈಗೆ ಸಿಗುವ ಹಾಗಿದ್ದರೆ ಮೊಂಡು ತುದಿಯ ಚಿಕ್ಕ ಕತ್ತರಿಯಿಂದ ತೆಗೆಯಬಹುದು. ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಕೈ ಹಾಕಬೇಡಿ. ಎಳೆದರೆ ಅದು ಇನ್ನೂ ಬಿಗಿಯುತ್ತದೆ. ಒಂದು ಎಳೆ ಬಂತು ಅಂತ ಸಮಾಧಾನಪಟ್ಟರೆ ಇನ್ನೆರಡು ಒಳಗೇ ಉಳಿದಿರುತ್ತವೆ. ಗುರುತಿಗೆ ಅಂತ ಹಕ್ಕಿಯ ಕಾಲಿಗೆ ಹಾಕಿದ ಉಂಗುರದ ವಿಷಯವೂ ಅಷ್ಟೇ. ಉಂಗುರದ ಕೆಳಗೆ ಊದಿಕೊಂಡಿದ್ದರೆ ಅದನ್ನು ಮನೆಯ ಇಕ್ಕಳದಿಂದ ಕತ್ತರಿಸಲು ಹೋಗಬೇಡಿ. ಉಂಗುರ ತುಂಡಾಗುವ ಮೊದಲು ಕಾಲಿನ ಮೂಳೆ ಮುರಿಯಬಹುದು.

ಒಂದು ದಿನದೊಳಗೆ ತೋರಿಸಿದರೆ ಸಾಕು ಅನ್ನುವಂಥವು: ರಕ್ತವಿಲ್ಲದೆ ಬರೀ ಊತ, ಮಡಚಲಾಗದ ಬೆರಳು, ಬುಡದಿಂದ ಕಿತ್ತುಬಂದ ಉಗುರು, ಹಕ್ಕಿ ಬಿಡದೆ ಕಚ್ಚಿಕೊಳ್ಳುತ್ತಿರುವ ಗಾಯ.

ಮನೆಯಲ್ಲೇ ನೋಡಿಕೊಳ್ಳಬಹುದಾದವು ನಿಜಕ್ಕೂ ಕಡಿಮೆ. ಉಗುರಿನ ತುದಿ ಮುರಿದು ರಕ್ತ ನಿಂತಿದೆ. ಚರ್ಮ ತುಸು ತರಚಿದೆ. ಬಣ್ಣ ಸರಿಯಿದೆ, ಕೋಲು ಹಿಡಿಯುತ್ತಿದೆ, ತಿನ್ನುತ್ತಿದೆ, ಕೂಗುತ್ತಿದೆ. ಈ ನಾಲ್ಕೂ ಇದ್ದರೆ ಎರಡು ಮೂರು ದಿನ ಕಣ್ಣಿಟ್ಟು ನೋಡಿ. ನಾಲ್ಕರಲ್ಲಿ ಒಂದು ತಪ್ಪಿದರೂ ಮೇಲಿನ ಪಟ್ಟಿಗೆ ಬನ್ನಿ.

ಹತ್ತಿರದ ಡಾಕ್ಟರಾ, ಹಕ್ಕಿ ನೋಡಿ ಅಭ್ಯಾಸವಿರುವ ದೂರದ ಡಾಕ್ಟರಾ? ರಕ್ತ ನಿಲ್ಲದಿದ್ದರೆ ಯಾರು ಹತ್ತಿರವೋ ಅವರು. ದಾರ, ಮೂಳೆ ಮುರಿತ, ಕಪ್ಪಾದ ಬೆರಳು ಆದರೆ ದೂರವಾದರೂ ಹಕ್ಕಿಯ ಡಾಕ್ಟರೇ ವಾಸಿ. ಫೋನಿನಲ್ಲೇ ಮೂರು ಮಾತು ಕೇಳಿ: ಚಿಕ್ಕ ಹಕ್ಕಿ ನೋಡುತ್ತೀರಾ, ಗ್ರಾಂ ಲೆಕ್ಕದ ತಕ್ಕಡಿ ಇದೆಯಾ, ಇಷ್ಟು ಸಣ್ಣ ಕಾಲಿಗೆ ಎಕ್ಸ್‌ರೇ ತೆಗೆಯುತ್ತೀರಾ? ಉತ್ತರಕ್ಕಿಂತ ಉತ್ತರ ಹೇಳುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ. ಒಯ್ಯುವಾಗ ದೊಡ್ಡ ಪಂಜರ ಬೇಡ. ಗಾಳಿಯಾಡುವ ಚಿಕ್ಕ ಪೆಟ್ಟಿಗೆ, ತಳಕ್ಕೆ ಜಾರದ ಬಟ್ಟೆ, ಮೇಲೆ ತೆಳು ಹೊದಿಕೆ. ಒಳಗೆ ಕೋಲು ಬೇಡ, ಬ್ರೇಕ್ ಹಾಕಿದಾಗೆಲ್ಲ ನೊಂದ ಕಾಲೇ ಹಿಡಿದುಕೊಳ್ಳಬೇಕಾಗುತ್ತದೆ.

ರಕ್ತ ನಿಲ್ಲಿಸಲು: ಒತ್ತುವುದು, ಕಾರ್ನ್ ಫ್ಲೋರ್, ಸ್ಟಿಪ್ಟಿಕ್ ಪುಡಿ

ಮೊದಲು ಒಂದು ಲೆಕ್ಕ. ಹಕ್ಕಿಯ ಮೈಯಲ್ಲಿರುವ ರಕ್ತ ಅದರ ತೂಕದ ಸುಮಾರು ಹತ್ತನೇ ಒಂದು ಭಾಗ. 30 ಗ್ರಾಂ ಬಡ್ಜಿ ಅಂದರೆ ಸುಮಾರು 3 ಮಿಲಿಲೀಟರ್, ಒಂದು ಟೀ ಚಮಚ ತುಂಬುವಷ್ಟೂ ಇಲ್ಲ. 90 ಗ್ರಾಂ ಕಾಕಟೀಲ್ ಆದರೆ 9 ಮಿಲಿಲೀಟರ್. ಆರೋಗ್ಯವಾಗಿರುವ ಹಕ್ಕಿ ಈ ರಕ್ತದಲ್ಲಿ ಹತ್ತನೇ ಒಂದು ಪಾಲು ಕಳೆದುಕೊಂಡರೂ ತಡೆದುಕೊಳ್ಳುತ್ತದೆ. ಬಡ್ಜಿಗೆ ಅದು ಸುಮಾರು ಆರು ಹನಿ. ಹಾಗಂತ ಪೇಪರಿನ ಮೇಲಿನ ಕಲೆ ನೋಡಿ ಎದೆ ಒಡೆದುಕೊಳ್ಳಬೇಡಿ. ಒಂದು ಹನಿ ಪೇಪರಿನಲ್ಲಿ ಹರಡಿ ನಾಣ್ಯದಷ್ಟಾಗುತ್ತದೆ, ಹಕ್ಕಿ ಓಡಾಡಿ ಅದನ್ನೇ ಹತ್ತು ಕಡೆ ಮೆತ್ತಿರುತ್ತದೆ. ಕಲೆ ಎಣಿಸುವ ಬದಲು ಈಗ ಹನಿ ಬೀಳುತ್ತಿದೆಯಾ ಅಂತ ನೋಡಿ.

ಒತ್ತುವುದು ಎಲ್ಲ ಗಾಯಕ್ಕೂ ಆಗುತ್ತದೆ, ಮೊದಲು ಅದೇ. ಶುದ್ಧ ಗಾಜ್ ಬಟ್ಟೆ ಬೆರಳಿಗೆ ಒತ್ತಿ ಎರಡು ಮೂರು ನಿಮಿಷ ಹಿಡಿಯಿರಿ. ನಡುವೆ ‘ನಿಂತಿತಾ’ ಅಂತ ತೆಗೆದು ನೋಡಬೇಡಿ, ಆಗಷ್ಟೇ ಕಟ್ಟಿದ ಹೆಪ್ಪು ಬಟ್ಟೆಯ ಜೊತೆಗೇ ಬರುತ್ತದೆ. ಹತ್ತಿ ಬೇಡ, ಎಳೆಗಳು ಗಾಯಕ್ಕೆ ಅಂಟುತ್ತವೆ.

ಒತ್ತಿದರೂ ಜಿನುಗುತ್ತಿದ್ದರೆ ಗಾಯ ಎಲ್ಲಿದೆ ಅನ್ನುವುದರ ಮೇಲೆ ಮುಂದಿನ ಆಯ್ಕೆ. ಉಗುರಿನ ತುದಿ ಮುರಿದಿದ್ದರೆ ಕಾರ್ನ್ ಫ್ಲೋರ್ ಅಥವಾ ಸ್ಟಿಪ್ಟಿಕ್ ಪುಡಿ ಎರಡೂ ಆಗುತ್ತವೆ. ಉಗುರಿನ ನಡುವೆ ಒಂದು ರಕ್ತನಾಳವೂ ನರವೂ ಇರುತ್ತವೆ. ಮುರಿದ ಬಾಯಿಗೆ ಪುಡಿಯನ್ನು ಬೆರಳಿನಿಂದ ಅದುಮಿ ಮೆತ್ತಬೇಕು, ಉದುರಿಸಿದರೆ ನಿಲ್ಲುವುದಿಲ್ಲ. ಕಾರ್ನ್ ಫ್ಲೋರ್ ನಿಧಾನ, ಆದರೆ ಉರಿಯುವುದಿಲ್ಲ, ಹಕ್ಕಿ ನೆಕ್ಕಿದರೂ ತೊಂದರೆಯಿಲ್ಲ. ಸ್ಟಿಪ್ಟಿಕ್ ಪುಡಿಯಲ್ಲಿ ಇರುವುದು ಫೆರಿಕ್ ಸಬ್‌ಸಲ್ಫೇಟ್ ಅನ್ನುವ ಕಬ್ಬಿಣದ ಲವಣ. ಬೇಗ ಕೆಲಸ ಮಾಡುತ್ತದೆ, ಆದರೆ ಸುಡುತ್ತದೆ. ಉಗುರಿಗೆ ಸರಿ. ಚರ್ಮ ಕಿತ್ತ ಗಾಯಕ್ಕೆ ಹಾಕಿದರೆ ಸುತ್ತಲಿನ ಒಳ್ಳೆಯ ಚರ್ಮವೂ ಹಾಳಾಗುತ್ತದೆ. ನನ್ನ ಡಬ್ಬಿಯಲ್ಲಿ ಎರಡೂ ಇವೆ, ಮೊದಲು ಕೈ ಹೋಗುವುದು ಕಾರ್ನ್ ಫ್ಲೋರ್ ಕಡೆಗೇ. ಚರ್ಮದ ಗಾಯಕ್ಕೆ ಎರಡೂ ಬೇಡ, ಗಾಜ್ ಒತ್ತಿ ಹಿಡಿಯುವುದೇ ದಾರಿ.

ಉಗುರಿನ ಹೊರ ಕವಚ ಕಳಚಿಹೋಗಿ ಒಳಗಿನ ಕೆಂಪು ತಿರುಳು ಕಾಣುತ್ತಿದ್ದರೆ ಅದಕ್ಕೆ ತುಂಬಾ ನೋವಿರುತ್ತದೆ. ರಕ್ತ ನಿಂತರೂ ಡಾಕ್ಟರಿಗೆ ತೋರಿಸಿ, ನೋವಿನ ಔಷಧಿ ಬೇಕಾಗುತ್ತದೆ. ಉಗುರಿನ ಬೇರು ಉಳಿದಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ, ಸ್ವಲ್ಪ ಸೊಟ್ಟಗೆ ಬರಬಹುದು. ಬೇರೇ ಹೋದರೆ ಬರುವುದಿಲ್ಲ.

ತೊಳೆಯಲು ಏನು?

ಉಪ್ಪುನೀರು. ಬೇರೆ ಆಯ್ಕೆಗಳನ್ನು ಹೋಲಿಸಿ ನೋಡಿದ ಮೇಲೂ ನಾನು ಇಲ್ಲಿಗೇ ಬರುತ್ತೇನೆ. ಔಷಧಿ ಅಂಗಡಿಯ ಸಲೈನ್ ಅಂದರೆ 0.9 ಶೇಕಡಾ ಉಪ್ಪಿನ ನೀರು. ಮನೆಯಲ್ಲಿ ಮಾಡುವುದಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಸೂಜಿ ತೆಗೆದ ಸಿರಿಂಜಿನಿಂದ ಮೆಲ್ಲಗೆ ಹರಿಸಿದರೆ ಸಾಕು, ಉಜ್ಜಬೇಡಿ.

ಪೊವಿಡೋನ್ ಅಯೋಡಿನ್ ಅನ್ನುವ ಕ್ರಿಮಿನಾಶಕ ದ್ರಾವಣ ಕೊಳೆಯಾದ ಗಾಯಕ್ಕೆ ಒಳ್ಳೆಯದೇ, ಆದರೆ ಬಾಟಲಿಯಿಂದ ನೇರವಾಗಿ ಅಲ್ಲ. ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಬೇಕು. ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಒರೆಸಿ. ಇದರ ಬಣ್ಣ ಬೆರಳಿಗೆ ಹತ್ತುವುದರಿಂದ ಮಾರನೇ ದಿನ ನಿಜವಾದ ಬಣ್ಣ ಯಾವುದು ಅಂತ ತಿಳಿಯದೆ ಒದ್ದಾಡಬೇಕಾಗುತ್ತದೆ, ಇದು ನನ್ನ ದೂರು.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಿದರೆ ಭಾರೀ ಕೆಲಸ ಮಾಡುತ್ತಿದೆ ಅನಿಸುತ್ತದೆ ಅಲ್ವಾ? ಆ ನೊರೆ ಹೊಸ ಚರ್ಮವನ್ನೂ ಕೊಲ್ಲುತ್ತದೆ. ಸ್ಪಿರಿಟ್ಟೂ ಬೇಡ. ಟೀ ಟ್ರೀ ಎಣ್ಣೆ ಹಕ್ಕಿಗೆ ವಿಷ.

ಹಿಡಿಸಿಕೊಳ್ಳಲು ತೀರಾ ಗಲಾಟೆ ಮಾಡುವ ಹಕ್ಕಿಗೆ ಇನ್ನೊಂದು ದಾರಿಯಿದೆ. ಚಪ್ಪಟೆ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ಮಾತ್ರ ಉಗುರುಬೆಚ್ಚನೆ ಉಪ್ಪುನೀರು ಹಾಕಿ ಅದರಲ್ಲಿ ನಿಲ್ಲಿಸುವುದು. ಎರಡು ಮೂರು ನಿಮಿಷ ನಿಂತರೆ ಒಣಗಿದ ರಕ್ತ ತಾನೇ ಬಿಡುತ್ತದೆ. ಹೊಟ್ಟೆಯ ಪುಕ್ಕ ನೆನೆಯಬಾರದು.

ಮುಲಾಮು ಹಚ್ಚುವುದಾ, ಒಣಗಲು ಬಿಡುವುದಾ?

ಚಿಕ್ಕ ತರಚು ಗಾಯಕ್ಕೆ ಒಣಗಲು ಬಿಡುವುದೇ ಸರಿ. ಜಿಡ್ಡಿನ ಮುಲಾಮು ಏನು ಮಾಡುತ್ತದೆ ಅಂತ ಮೇಲೆಯೇ ಹೇಳಿದೆ. ಪುಕ್ಕಗಳ ನಡುವೆ ಸಿಕ್ಕಿದ ಗಾಳಿಯೇ ಹಕ್ಕಿಯ ಕಂಬಳಿ. ಅದರ ಮೈಯ ಬಿಸಿ ನಮಗಿಂತ ಜಾಸ್ತಿ, 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಪುಕ್ಕ ಜಿಡ್ಡಾಗಿ ಅಂಟಿಕೊಂಡರೆ ಆ ಬಿಸಿ ಸೋರಿಹೋಗುತ್ತದೆ. ಅಲ್ಲದೆ ಕಾಲಿಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಅಂತಲೇ ತಿಳಿದುಕೊಳ್ಳಿ.

ಅದಕ್ಕೇ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಬೇಕು. ಹೆಸರಿನ ಕೊನೆಗೆ ‘ಕೇನ್’ ಇರುವ ಮರಗಟ್ಟಿಸುವ ಔಷಧಿ, ಅಂದರೆ ಬೆಂಜೊಕೇನ್, ಲಿಡೊಕೇನ್ ಇದ್ದರೆ ಬದಿಗಿಡಿ. ಚಿಕ್ಕ ಹಕ್ಕಿಗೆ ಸ್ವಲ್ಪವೇ ಜಾಸ್ತಿಯಾದರೂ ಪ್ರಾಣಕ್ಕೆ ಅಪಾಯ. ಹೈಡ್ರೊಕಾರ್ಟಿಸೋನ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇದ್ದರೂ ಬೇಡ. ಹಕ್ಕಿಗಳಲ್ಲಿ ಇದು ಚರ್ಮದ ಮೂಲಕವೇ ಒಳಗೆ ಸೇರಿ ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ನಾವು ಚರ್ಮಕ್ಕೆ ಹಚ್ಚುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಡಾಕ್ಟರು ಏನಾದರೂ ಹಚ್ಚಲು ಕೊಟ್ಟರೆ ಅದು ಸಾಮಾನ್ಯವಾಗಿ ನೀರಿನಾಧಾರದ, ಜಿಡ್ಡಿಲ್ಲದ ಮುಲಾಮು ಅಥವಾ ಜೆಲ್. ಹೊಳಪು ಬರುವಷ್ಟು ತೆಳ್ಳಗೆ ಹಚ್ಚಿ, ಹೆಚ್ಚಾದ್ದನ್ನು ಒರೆಸಿಬಿಡಿ.

ನೋವಿಗೆ? ನಮ್ಮ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಯೋಚನೆಯೇ ಬೇಡ. ನೋವಿನ ಜೆಲ್ ಕೂಡ ಬೇಡ. ಅಂಥ ಎಷ್ಟೋ ಜೆಲ್‌ಗಳಲ್ಲಿರುವ ಡೈಕ್ಲೊಫೆನಾಕ್ ಹಕ್ಕಿಗಳಿಗೆ ಏನು ಮಾಡಬಲ್ಲದು ಅಂತ ರಣಹದ್ದುಗಳಿಂದ ಜಗತ್ತಿಗೇ ಗೊತ್ತಾಗಿದೆ. ಆ ಔಷಧಿ ಕೊಟ್ಟಿದ್ದ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2004ರಲ್ಲಿ ಈ ಕಾರಣ ಬಯಲಾಗುವ ಹೊತ್ತಿಗೆ ದಕ್ಷಿಣ ಏಷ್ಯಾದ ಕೆಲವು ಜಾತಿಗಳಲ್ಲಿ ಬಹುಪಾಲು ಹಕ್ಕಿಗಳು ಇಲ್ಲವಾಗಿದ್ದವು. ಹಕ್ಕಿಗಳ ನೋವಿಗೆ ಡಾಕ್ಟರು ಸಾಮಾನ್ಯವಾಗಿ ಬಳಸುವುದು ಮೆಲಾಕ್ಸಿಕಾಮ್. ಅದರ ಅಳತೆ ತೂಕ ನೋಡಿ, ಜಾತಿ ನೋಡಿ ನಿರ್ಧಾರವಾಗುತ್ತದೆ. ನಾಯಿಯ ಅಳತೆ ಇಲ್ಲಿ ನಡೆಯುವುದಿಲ್ಲ.

ಆಂಟಿಬಯೋಟಿಕ್ ಬೇಕಾದರೆ ಕುಡಿಯುವ ನೀರಿಗೆ ಬೆರೆಸುವುದಾ, ಬಾಯಿಗೆ ಹನಿ ಹಾಕುವುದಾ? ನೀರಿಗೆ ಬೆರೆಸುವುದು ಸುಲಭ, ಆದರೆ ಎಷ್ಟು ಒಳಗೆ ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ನೊಂದ ಹಕ್ಕಿ ನೀರನ್ನೇ ಕಡಿಮೆ ಕುಡಿಯುತ್ತದೆ, ರುಚಿ ಬದಲಾದರೆ ಇನ್ನೂ ಕಡಿಮೆ. ಕಷ್ಟವಾದರೂ ಬಾಯಿಗೆ ಹಾಕುವುದೇ ಮೇಲು.

ಬ್ಯಾಂಡೇಜು ಕಟ್ಟುವುದಾ, ಬಿಡುವುದಾ?

ಮನೆಯಲ್ಲಿ ಕಟ್ಟಬೇಡಿ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಸಪೂರ ಬೆರಳಿಗೆ ಟೇಪು ಸುತ್ತಿ, ಒಳಗೆ ಊತ ಬಂದರೆ, ನಾವೇ ಕಟ್ಟಿದ ಟೇಪು ಆ ದಾರದ ಎಳೆಯ ಕೆಲಸವನ್ನೇ ಮಾಡುತ್ತದೆ. ಹಕ್ಕಿ ಕಚ್ಚಿ ಬಿಚ್ಚಿದರೆ ತುಂಡು ನುಂಗುತ್ತದೆ. ಬಿಚ್ಚಲಾಗದಿದ್ದರೆ ಬೆರಳನ್ನೇ ಕಚ್ಚುತ್ತದೆ.

ಮೂಳೆ ಮುರಿದಿದ್ದರೆ ಡಾಕ್ಟರು ಕಟ್ಟುತ್ತಾರೆ. ಪಕ್ಕದ ಬೆರಳಿಗೆ ಸೇರಿಸಿ ಕಟ್ಟಬಹುದು, ಅಥವಾ ಅಂಗಾಲಿನ ಕೆಳಗೆ ಮೆತ್ತೆಯ ಉಂಡೆ ಇಟ್ಟು ಬೆರಳುಗಳನ್ನು ಅದರ ಸುತ್ತ ಮಡಚಿ ಕಟ್ಟಬಹುದು. ನೋಡಲು ಹಕ್ಕಿ ಚೆಂಡಿನ ಮೇಲೆ ನಿಂತ ಹಾಗಿರುತ್ತದೆ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸಾಮಾನ್ಯವಾಗಿ ಮೂರು ವಾರದ ಆಸುಪಾಸು. ಅಷ್ಟು ದಿನ ನಿಮ್ಮ ಕೆಲಸ ಎರಡೇ: ಕಟ್ಟು ಒದ್ದೆಯಾಗದ ಹಾಗೆ ನೋಡುವುದು, ಹೊರಗೆ ಕಾಣುವ ಬೆರಳ ತುದಿಯ ಬಣ್ಣವನ್ನು ದಿನಕ್ಕೆರಡು ಸಲ ನೋಡುವುದು. ಊತ ಬಂತು, ಬಣ್ಣ ಬದಲಾಯಿತು ಅಂದರೆ ಮುಂದಿನ ಭೇಟಿಯ ತಾರೀಕಿಗೆ ಕಾಯಬೇಡಿ.

ಕುತ್ತಿಗೆಗೆ ಹಾಕುವ ಕಾಲರ್ ಕೊನೆಯ ಉಪಾಯ. ಅದು ಹಾಕಿದರೆ ಎಷ್ಟೋ ಹಕ್ಕಿಗಳು ಮೊದಲ ದಿನ ತಿನ್ನುವುದೇ ಇಲ್ಲ. ಕಟ್ಟನ್ನೂ ಬೆರಳನ್ನೂ ಬಿಡದೆ ಕಚ್ಚುವ ಹಕ್ಕಿಗೆ ಮಾತ್ರ, ಡಾಕ್ಟರು ಹೇಳಿದರೆ ಮಾತ್ರ.

ಪಂಜರ: ನಿಜವಾದ ಶುಶ್ರೂಷೆ ಇಲ್ಲಿ

ನಾವು ಕಾಲು ನೊಂದರೆ ಮಲಗುತ್ತೇವೆ. ಹಕ್ಕಿ ಮಲಗುವುದೂ ಕಾಲಿನ ಮೇಲೆಯೇ. ದಿನದ ಇಪ್ಪತ್ನಾಲ್ಕು ಗಂಟೆಯೂ ಅದು ಏನನ್ನೋ ಹಿಡಿದು ನಿಂತಿರುತ್ತದೆ. ಹಾಗಾಗಿ ಅದು ಏನನ್ನು ಹಿಡಿದು ನಿಂತಿದೆ ಅನ್ನುವುದು ಯಾವ ಔಷಧಿಗಿಂತಲೂ ಹೆಚ್ಚು.

ಅದರದ್ದೇ ಪಂಜರವಾ, ಬೇರೆ ಚಿಕ್ಕ ಪಂಜರವಾ? ಸಣ್ಣ ಗಾಯ, ಹಕ್ಕಿ ಚುರುಕಾಗಿದೆ ಅಂದರೆ ಅದರದ್ದೇ ಪಂಜರ ಇರಲಿ, ಗೊತ್ತಿರುವ ಜಾಗದ ಧೈರ್ಯವೇ ಬೇರೆ. ಆದರೆ ಎತ್ತರದ ಕೋಲುಗಳನ್ನು ತೆಗೆದು, ತಳದಿಂದ ಒಂದು ಗೇಣಿನೊಳಗೆ ಒಂದೆರಡನ್ನು ಮಾತ್ರ ಕಟ್ಟಿ. ಜಾರಿ ಬಿದ್ದರೂ ಪೆಟ್ಟಾಗಬಾರದು. ಮೂಳೆ ಮುರಿದಿದೆ, ಕಟ್ಟು ಹಾಕಿದ್ದಾರೆ, ಅಥವಾ ಹಕ್ಕಿ ಸೋತಿದೆ ಅಂದರೆ ಚಿಕ್ಕ ಪಂಜರ ಅಥವಾ ಪೆಟ್ಟಿಗೆಯೇ ಒಳ್ಳೆಯದು. ಸರಳು ಹತ್ತುವ ಆಸೆಯೇ ಹುಟ್ಟದ ಹಾಗಿರಬೇಕು. ಸೋತ ಹಕ್ಕಿಗೆ ಬಿಸಿಯೂ ಬೇಕು, 29ರಿಂದ 32 ಡಿಗ್ರಿ ಸೆಲ್ಸಿಯಸ್. ಬಿಸಿ ಪಂಜರದ ಅರ್ಧಕ್ಕೆ ಮಾತ್ರ ತಾಗಲಿ. ಸೆಕೆಯಾದರೆ ಅದೇ ಆಚೆ ಹೋಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆಯನ್ನು ಮೈಯಿಂದ ದೂರ ಹಿಡಿದಿದ್ದರೆ ಬಿಸಿ ಜಾಸ್ತಿಯಾಗಿದೆ ಅಂತ ಅರ್ಥ. ಬಿಸಿಗೆ ಬಲ್ಬು ಇಟ್ಟರೆ ಅದಕ್ಕೆ ಟೆಫ್ಲಾನ್ ಲೇಪ ಇರಬಾರದು, ಕಾದಾಗ ಅದರಿಂದ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ.

ಈಗ ಕೋಲಿನ ಆಯ್ಕೆ. ಪಂಜರದ ಜೊತೆ ಬರುವ ನುಣುಪಾದ ಒಂದೇ ದಪ್ಪದ ಕೋಲುಗಳಲ್ಲಿ ಭಾರ ಯಾವಾಗಲೂ ಅಂಗಾಲಿನ ಅದೇ ಜಾಗಕ್ಕೆ ಬೀಳುತ್ತದೆ. ಉಗುರು ಸವೆಯಲಿ ಅಂತ ಹಾಕುವ ಮರಳು ಕಾಗದದ ಕೋಲು, ಸಿಮೆಂಟಿನ ಕೋಲು ಗಾಯದ ಹೊತ್ತಿನಲ್ಲಂತೂ ಬೇಡವೇ ಬೇಡ. ಮರಳು ಕಾಗದ ಅಂಗಾಲನ್ನು ಉಜ್ಜುತ್ತದೆ, ಉಗುರಿಗೆ ಅದರಿಂದ ಏನೂ ಲಾಭವಿಲ್ಲ. ಹಗ್ಗದ ಕೋಲು ಮೆತ್ತಗಿದೆ ಅನಿಸುತ್ತದೆ, ಆದರೆ ಎಳೆ ಬಿಚ್ಚಿಕೊಂಡರೆ ನಮ್ಮ ಮನೆಯ ಕಥೆಯೇ ಮತ್ತೆ. ಮರದ ಕೊಂಬೆ ಒಳ್ಳೆಯದು, ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಬೆರಳುಗಳು ಕೋಲಿನ ಸುತ್ತ ಮುಕ್ಕಾಲು ಭಾಗ ಬಂದು, ಮುಂದಿನ ಮತ್ತು ಹಿಂದಿನ ಉಗುರು ಒಂದಕ್ಕೊಂದು ತಾಗದೆ ಇದ್ದರೆ ಅಳತೆ ಸರಿಯಿದೆ.

ಆದರೆ ನೊಂದ ಬೆರಳಿಗೆ ಇವೆಲ್ಲಕ್ಕಿಂತ ಹಾಯಾದದ್ದು ಚಪ್ಪಟೆ ಹಲಗೆ. ಅಂಗೈಯಷ್ಟು ಅಗಲದ ಒಂದು ಮರದ ತುಂಡನ್ನು ಪಂಜರದ ಮೂಲೆಗೆ ಕೂರಿಸಿದರೆ ಸಾಕು. ಅದನ್ನು ಹಿಡಿಯುವ ಕೆಲಸವೇ ಇಲ್ಲ, ಸುಮ್ನೆ ನಿಂತರಾಯಿತು. ನಮ್ಮ ಬಡ್ಜಿ ಮೊದಲ ದಿನ ಅದನ್ನು ಶತ್ರುವಿನ ಹಾಗೆ ನೋಡಿ, ದೂರದಲ್ಲೇ ಕೂತಿತ್ತು. ಎರಡನೇ ಸಂಜೆ ಒಂದು ಕಾಲು ಇಟ್ಟು ತೆಗೆಯಿತು. ಮಾರನೇ ದಿನ ನೋಡಿದರೆ ಹೊಟ್ಟೆಯನ್ನು ಹಲಗೆಗೆ ಊರಿಕೊಂಡು, ಕಣ್ಣು ಮುಚ್ಚಿ, ಕೊಕ್ಕು ಕಟಕಟ ಮಸೆಯುತ್ತಾ ಕೂತಿತ್ತು. ಬಡ್ಜಿ ಸಾಕಿದವರಿಗೆ ಗೊತ್ತು, ನಿದ್ದೆಗೆ ಮುಂಚಿನ ನೆಮ್ಮದಿಯ ಸದ್ದು ಅದು. ಗಾಯ ಆದ ಮೇಲೆ ಅವತ್ತೇ ನಾನು ಆ ಸದ್ದು ಮೊದಲು ಕೇಳಿದ್ದು.

ತಳಕ್ಕೆ ಬಿಳಿ ಪೇಪರ್ ಹಾಸಿ. ಮರಳು, ಮರದ ಹೊಟ್ಟು ಗಾಯಕ್ಕೆ ಮೆತ್ತುತ್ತವೆ. ಬಿಳಿಯಾದರೆ ರಕ್ತದ ಹನಿ, ಹಿಕ್ಕೆಯ ಬಣ್ಣ ಎರಡೂ ಕಾಣುತ್ತವೆ. ಕಾಳು ನೀರಿನ ಬಟ್ಟಲುಗಳನ್ನು ಹಲಗೆಯ ಪಕ್ಕಕ್ಕೇ ತನ್ನಿ.

ಜೋಡಿ ಹಕ್ಕಿ ಇದ್ದರೆ ಬೇರೆ ಮಾಡುವುದಾ? ಇದಕ್ಕೆ ಒಂದೇ ಉತ್ತರ ಇಲ್ಲ. ಒಂದರ್ಧ ಗಂಟೆ ಪಕ್ಕದಲ್ಲೇ ಕೂತು ನೋಡಿ. ಜೊತೆಗಾರ ಗಾಯ ಕುಕ್ಕುತ್ತದೆ, ಬಟ್ಟಲಿನಿಂದ ಓಡಿಸುತ್ತದೆ ಅಂದರೆ ಬೇರೆ ಮಾಡಲೇಬೇಕು. ಗಾಯ ಆಗಿದ್ದೇ ಅದರ ಕಚ್ಚಾಟದಿಂದ ಅನ್ನುವುದೂ ಅಪರೂಪವಲ್ಲ. ಸುಮ್ಮನೆ ಪಕ್ಕ ಕೂತು ತಲೆ ತೀಡಿಕೊಡುತ್ತಿದ್ದರೆ ಅಗಲಿಸಬೇಡಿ, ಒಂಟಿಯಾದರೆ ಊಟ ಬಿಡುವ ಹಕ್ಕಿಗಳಿವೆ. ಬೇರೆ ಮಾಡಿದರೂ ಒಂದಕ್ಕೊಂದು ಕಾಣುವ ಹಾಗಿಡಿ. ಎರಡು ಪಂಜರದ ನಡುವೆ ಕೊಕ್ಕು ಎಟುಕದಷ್ಟು ಜಾಗ ಬಿಡಿ, ಸರಳಿನ ಮಧ್ಯೆ ಬೆರಳು ಕಚ್ಚುವುದು ಇವಕ್ಕೆ ಬಹಳ ಇಷ್ಟದ ಆಟ.

ದಿನಾ ಬೆಳಗ್ಗೆ ಕಾಳು ಹಾಕುವ ಮೊದಲು ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತಿನ್ನುವ ಹಾಗೆ ನಟಿಸಿ ಬರೀ ಸಿಪ್ಪೆ ಉದುರಿಸುವ ಹಕ್ಕಿಯನ್ನು ಹಿಡಿಯುವುದು ತಕ್ಕಡಿ ಒಂದೇ. ಹತ್ತನೇ ಒಂದು ಪಾಲು ಇಳಿದರೆ, ಅಂದರೆ 35 ಗ್ರಾಂ ಇದ್ದದ್ದು ಮೂವತ್ತೊಂದೂವರೆಗೆ ಬಂದರೆ, ಗಾಯ ಚೆನ್ನಾಗಿ ಕಂಡರೂ ಡಾಕ್ಟರಿಗೆ ತೋರಿಸಿ.

ಬೆರಳು ಕಪ್ಪಾದರೆ: ಕತ್ತರಿಸುವುದಾ, ಬೀಳಲು ಬಿಡುವುದಾ?

ಇದು ಡಾಕ್ಟರು ಮಾಡುವ ನಿರ್ಧಾರ, ಆದರೆ ಯಾಕೆ ಹಾಗೆ ಹೇಳುತ್ತಾರೆ ಅಂತ ಗೊತ್ತಿರಲಿ. ತುದಿ ಒಣಗಿ, ಕಪ್ಪಾಗಿ, ಗಟ್ಟಿಯಾಗಿ, ಒಳ್ಳೆಯ ಚರ್ಮದಿಂದ ಒಂದು ಸ್ಪಷ್ಟ ಗೆರೆಯಲ್ಲಿ ಬೇರೆಯಾಗಿ ಕಾಣುತ್ತಿದ್ದರೆ ತಾನೇ ಉದುರಲು ಬಿಡಬಹುದು. ಒದ್ದೆಯಾಗಿ, ವಾಸನೆ ಬರುತ್ತಾ, ಊತ ಮೇಲಕ್ಕೆ ಏರುತ್ತಿದ್ದರೆ ಕತ್ತರಿಸುವುದೇ ಕ್ಷೇಮ, ಇಲ್ಲವಾದರೆ ಕಾಲೇ ಹೋಗಬಹುದು. ಯಾವುದೇ ಆದರೂ ನೀವು ಎಳೆದು ಕೀಳಬೇಡಿ. ಒಂದು ಬೆರಳು ಹೋದ ಹಕ್ಕಿ ಏನೂ ಕುಂಟುತ್ತಾ ಕೂರುವುದಿಲ್ಲ. ಕೆಲವು ವಾರದಲ್ಲಿ ಹಿಡಿತವನ್ನು ಬೇರೆ ಬೆರಳುಗಳಿಗೆ ಹಂಚಿಕೊಳ್ಳುತ್ತದೆ. ಸಂಕಟ ನಮಗೇ ಜಾಸ್ತಿ.

ಗಾಯದ ಹಾಗೆ ಕಂಡು ಗಾಯವಲ್ಲದವೂ ಇವೆ. ಗಂಟುಗಳಲ್ಲಿ ಕೆನೆ ಬಣ್ಣದ ಗುಳ್ಳೆಗಳು ಕಂಡರೆ ಗೌಟ್ ಅನ್ನುವ ಕೀಲಿನ ರೋಗ ಇರಬಹುದು, ಅದು ಮೂತ್ರಪಿಂಡದ ತೊಂದರೆಯ ಸುಳಿವು. ಅಂಗಾಲು ಕೆಂಪಾಗಿ ನುಣ್ಣಗಾಗಿದ್ದರೆ ಅದು ಕೋಲಿನಿಂದ, ಬೊಜ್ಜಿನಿಂದ ಬರುವ ಅಂಗಾಲಿನ ಹುಣ್ಣಿನ ಶುರು. ಬೆರಳ ಮೇಲೆ ಬೂದು ಬಣ್ಣದ ಒರಟು ಹಕ್ಕಳೆ ಇದ್ದರೆ ನುಸಿ ಹುಳದ ಕಾಟ ಇರಬಹುದು. ಇವಕ್ಕೆಲ್ಲ ಉಪ್ಪುನೀರಿನಿಂದ ಆಗುವುದು ಏನೂ ಇಲ್ಲ, ಔಷಧಿಯೇ ಬೇರೆ.

ನಮ್ಮ ಬಡ್ಜಿ ಈಗ ಮೂರೂವರೆ ಬೆರಳಿನ ಕಾಲಲ್ಲೇ ಕೊಂಬೆ ಹತ್ತುತ್ತದೆ. ಹಾರಿ ಬಂದು ಇಳಿಯುವಾಗ ಮಾತ್ರ ಎಡಕ್ಕೆ ತುಸು ವಾಲಿ, ರೆಕ್ಕೆ ಒಮ್ಮೆ ಬಡಿದು ಸರಿಮಾಡಿಕೊಳ್ಳುತ್ತದೆ. ಹಗ್ಗದ ಆಟಿಕೆಗಳನ್ನೆಲ್ಲ ತೆಗೆದು ಮರದವನ್ನು ಕಟ್ಟಿದ್ದೇನೆ. ಹಲಗೆಯನ್ನೂ ತೆಗೆಯೋಣ ಅಂತ ಒಂದು ದಿನ ಕೈ ಹಾಕಿದೆ. ಕಚ್ಚಿತು.